ಎರಡೂ ಎಡಗೈ ತೋಳು

ಮಖಮಲ್ಲಿನ ಕೋಟಿಗೆ ಎರಡೂ ಎಡಗೈ ತೋಳನ್ನೇ ಕತ್ತರಿಸಿಟ್ಟು ಹೋಗುವ ದರ್ಜಿಯನ್ನು ಏನೆಂದು ಕರೆಯಬೇಕು? ಬೇರೆ ಅಂಗಡಿಯಾಗಿದ್ದರೆ ಕತ್ತೆ ಎನ್ನುತ್ತಿದ್ದರು. ಈ ಅಂಗಡಿಯಲ್ಲಿ ಅವನನ್ನು ಚಿಕ್ಕ ಮಾಸ್ಟರ್ ಎನ್ನುತ್ತಿದ್ದರು. ಅವನು ಒಳಗೆ ಬಂದರೆ ಗಿರಾಕಿಗಳು ಕುರ್ಚಿ ಬಿಟ್ಟು ಏಳುತ್ತಿದ್ದರು.

ಬುಧವಾರ ಬೆಳಿಗ್ಗೆ ಎಂಟಕ್ಕೆ ಅಂಗಡಿಯ ಬೀಗ ತೆಗೆದವಳು ಅಕ್ಕ. ಚಿಕ್ಕ ಮಾಸ್ಟರ್‌ಗೆ ಒಡಹುಟ್ಟಿದ ಅಕ್ಕ. ಮೂವತ್ತು ವರ್ಷ ಅದೇ ಅಂಗಡಿಯಲ್ಲಿ ಸೂಜಿ ಹಿಡಿದು ಕೂತಿದ್ದರಿಂದ ಗಿರಾಕಿಗಳಿಗೂ ಅಕ್ಕ, ಕೆಳಗಿನ ಗಡಿಯಾರದಂಗಡಿಯವನಿಗೂ ಅಕ್ಕ. ಅವಳು ಕಿಟಕಿಯ ಪರದೆ ಸರಿಸಿ ಕತ್ತರಿಸುವ ಮೇಜಿನ ಹತ್ತಿರ ಬಂದಳು. ಕಪ್ಪು ಮಖಮಲ್ಲಿನ ತುಂಡುಗಳು ಅಲ್ಲಿ ಹರಡಿಕೊಂಡಿದ್ದವು. ಬೆನ್ನು ಸರಿಯಾಗಿತ್ತು. ಎದೆಯ ಎರಡು ಭಾಗಗಳೂ ಸರಿಯಾಗಿದ್ದವು. ಒಂದು ತೋಳನ್ನು ಎತ್ತಿಕೊಂಡಳು, ಇನ್ನೊಂದನ್ನು ಎತ್ತಿಕೊಂಡಳು, ಪಕ್ಕಪಕ್ಕ ಇಟ್ಟಳು. ತಲೆಕೆಳಗು ಮಾಡಿದಳು, ಮಗುಚಿದಳು, ಮತ್ತೆ ಇಟ್ಟಳು. ಎಷ್ಟು ತಿರುಗಿಸಿದರೇನು, ಬಲಗೈ ಎಲ್ಲಿಂದ ಬರಬೇಕು? ಎರಡೂ ಎಡಗೈಯವೇ.

"ಅಯ್ಯೋ, ನಿನ್ನ ಕೈ ಸೇದಿಹೋಗ!" ಎಂದಳು ಖಾಲಿ ಅಂಗಡಿಗೆ.

ತಪ್ಪು ಹೇಗಾಯಿತೆಂಬುದು ಅವಳಿಗೆ ನೋಡಿದೊಡನೆ ಗೊತ್ತಾಯಿತು. ಒಂದು ತೋಳು ಕತ್ತರಿಸಿದ ಮೇಲೆ ಅದನ್ನೇ ಬಟ್ಟೆಯ ಮೇಲಿಟ್ಟು ಇನ್ನೊಂದಕ್ಕೆ ಗೆರೆ ಎಳೆಯುವುದು ದರ್ಜಿಗಳ ರೂಢಿ. ಇಡುವಾಗ ಮಗುಚಿ ಇಡಬೇಕು, ಬಟ್ಟೆಯ ಮುಖಕ್ಕೆ ಮುಖ ಬರಬೇಕು. ಆಗ ಎಡಗೈಯಿಂದ ಬಲಗೈ ಬರುತ್ತದೆ. ಆದರೆ ಮಖಮಲ್ಲು ಮುಖಕ್ಕೆ ಮುಖ ಕೂತರೆ ನಿಲ್ಲುವುದಿಲ್ಲ, ಒಂದು ಮುಖದ ಮೇಲಿನ ರೋಮದಂಥ ನವಿರು ಇನ್ನೊಂದರ ನವಿರನ್ನು ತಳ್ಳಿ ಜಾರುತ್ತದೆ. ತಾಳ್ಮೆಯಿರುವವರು ಸುತ್ತ ಸೂಜಿ ಚುಚ್ಚಿ, ಕಚ್ಚಾ ಹೊಲಿಗೆ ಹಾಕಿ, ಆಮೇಲೆ ಕತ್ತರಿ ಆಡಿಸುತ್ತಾರೆ. ಚಿಕ್ಕ ಮಾಸ್ಟರ್‌ಗೆ ಎಲ್ಲಿಯ ತಾಳ್ಮೆ? ಜಾರಿತು, ಮಗುಚದೆ ಇಟ್ಟ, ನಿಂತಿತು, ಕತ್ತರಿಸಿದ, ಶಿಳ್ಳೆ ಹಾಕುತ್ತ ಮೆಟ್ಟಿಲಿಳಿದು ಮನೆಗೆ ಹೋದ.

ಬಟ್ಟೆ ಅಂಗಡಿಯದಾಗಿದ್ದರೆ ಇನ್ನೊಂದು ಮೀಟರ್ ತರಿಸಬಹುದಿತ್ತು. ಇದು ಪಿಟೀಲಮ್ಮನ ಬಟ್ಟೆ. ಅರವತ್ತು ದಾಟಿದ, ಕೋಪವನ್ನು ಮೂಗಿನ ತುದಿಯಲ್ಲೇ ಇಟ್ಟುಕೊಂಡ ಆಕೆ ಊರಿನ ದೊಡ್ಡ ಸಭಾಂಗಣದಲ್ಲಿ ಪಿಟೀಲು ನುಡಿಸುವವರು. ಆಕೆಯ ತಾಯಿ ಎತ್ತಿಟ್ಟಿದ್ದ ತುಂಡು ಅದು. ಅದನ್ನು ನೇಯುತ್ತಿದ್ದ ಮಿಲ್ಲು ಮುಚ್ಚಿ ಇಪ್ಪತ್ತು ವರ್ಷವಾಗಿತ್ತು. "ಇದೇನಾದ್ರೂ ಹಾಳಾಯ್ತೋ, ನಾನು ಸುಮ್ನಿರೋಳಲ್ಲ" ಎಂದು ಮೊದಲೇ ಹೇಳಿ ಹೋಗಿದ್ದರು. ಶನಿವಾರ ಮಧ್ಯಾಹ್ನ ಎರಡಕ್ಕೆ ಕೋಟು ತೊಟ್ಟು ನೋಡಲು ಬರುವವರಿದ್ದರು. ಸೋಮವಾರ ಸಂಜೆ ಅದನ್ನೇ ಹಾಕಿಕೊಂಡು ವೇದಿಕೆ ಹತ್ತಬೇಕಿತ್ತು.

ಅದೇ ಶನಿವಾರ ಐದು ಗಂಟೆಯೊಳಗೆ ದರ್ಜಿಗಳ ಸಂಘಕ್ಕೆ ಒಂದು ಅರ್ಜಿಯೂ ಹೋಗಬೇಕಿತ್ತು. ಅಕ್ಕನ ಅಪ್ಪ, ಊರಿಗೆಲ್ಲ ದೊಡ್ಡ ಮಾಸ್ಟರ್, ಕೈ ನಡುಗಲು ಶುರುವಾದ ಮೇಲೆ ಕತ್ತರಿ ಬಿಟ್ಟಿದ್ದರು. ಸಂಘದ ಕಟ್ಟಳೆಯಂತೆ ಅಂಗಡಿಗೊಬ್ಬರೇ ಮಾಸ್ಟರ್. ಹಳೆಯ ಮಾಸ್ಟರ್ ಸಹಿ ಹಾಕಿ ಹೊಸಬರ ಹೆಸರು ಕಳಿಸಬೇಕು. ಒಮ್ಮೆ ಕಳಿಸಿದರೆ ಮುಗಿಯಿತು, ಮೇಜು ಅವರದು, ಬೋರ್ಡಿನ ಮೇಲಿನ ಹೆಸರು ಅವರದು, ಅಂಗಡಿಯಲ್ಲಿ ಕತ್ತರಿ ಅವರ ಮಾತು ಕೇಳುತ್ತದೆ. ಅರ್ಜಿ ಮೇಜಿನ ಡ್ರಾಯರಿನಲ್ಲಿ ಖಾಲಿಯಿತ್ತು. ಯಾರ ಹೆಸರು ಬರೆಯುತ್ತೀರಿ ಎಂದು ಯಾರೂ ಕೇಳಿರಲಿಲ್ಲ. ಕೇಳುವುದೇನು ಬಂತು?

ಅಕ್ಕನಿಗೆ ಆ ಮೇಜು ಬೇಕಿತ್ತು. ಬೇರೆ ಯಾವುದನ್ನೂ ಅವಳು ಅಷ್ಟು ಬಯಸಿರಲಿಲ್ಲ. ಒಡವೆ ಕೇಳಲಿಲ್ಲ, ಮನೆ ಕೇಳಲಿಲ್ಲ, ಗಂಡ ಬಸ್ಸಿನ ಡ್ರೈವರ್ ಸಿಕ್ಕಿದ್ದಕ್ಕೂ ತಕರಾರು ಮಾಡಲಿಲ್ಲ. ಹಗಲಿನ ಬೆಳಕು ಬೀಳುವ ಆ ಮೇಜಿನ ಮುಂದೆ, ಎಲ್ಲರಿಗೂ ಕಾಣುವಂತೆ, ಕತ್ತರಿ ಹಿಡಿದು ನಿಲ್ಲಬೇಕು, ಅಷ್ಟೇ. ಅವಳ ಜಾಗವಿದ್ದದ್ದು ಹಿಂದಿನ ಕೋಣೆಯಲ್ಲಿ, ಎರಡು ಹೊಲಿಗೆ ಯಂತ್ರಗಳ ನಡುವೆ, ಬೆಳಿಗ್ಗೆಯೂ ಬಲ್ಬು ಉರಿಸಿಕೊಂಡು.

ಹಾಗೆ ಪಾಲು ಮಾಡಿದವರು ಅಪ್ಪ. ತಮ್ಮನಿಗೆ ಒಂಬತ್ತು ವರ್ಷ, ಅವಳಿಗೆ ಹನ್ನೆರಡು. ಅಪ್ಪ ಕಾಫಿ ಕುಡಿಯಲು ಕೆಳಗೆ ಹೋಗಿದ್ದಾಗ ಹುಡುಗ ಮೇಜು ಹತ್ತಿ ಕೂತು, ಟೇಪನ್ನು ಮುಟ್ಟದೆ, ಕಣ್ಣಳತೆಯಲ್ಲೇ ಅಪ್ಪನಿಗೊಂದು ವೇಸ್ಟ್‌ಕೋಟು ಕತ್ತರಿಸಿಬಿಟ್ಟ. ಅಪ್ಪ ಬಂದರು, ತುಂಡುಗಳನ್ನು ಮೈಗೆ ಹಿಡಿದು ಕನ್ನಡಿ ನೋಡಿದರು. ಕರಾರುವಾಕ್ಕಾಗಿ ಕೂತಿತ್ತು. ಬೀದಿಯವರನ್ನೆಲ್ಲ ಕರೆದು ತೋರಿಸಿದರು. "ನೋಡ್ರೋ, ಟೇಪ್ ಮುಟ್ಟಿಲ್ಲ ನನ್ನ ಮಗ! ಇವನ ಕಣ್ಣೇ ಟೇಪು. ಇದೆಲ್ಲ ಕಲಿಸಿ ಬರೋದಲ್ಲ, ಹುಟ್ತಾ ತರಬೇಕು." ಅವತ್ತಿನಿಂದ ಕತ್ತರಿ ಅವನಿಗೆ, ಸೂಜಿ ಇವಳಿಗೆ. ಅವನಿಗೆ ಟೇಪು ಕೊಡಬಾರದು, ಕಣ್ಣು ಕೆಡುತ್ತದೆ. ಅವನನ್ನು ಬೇಗ ಎಬ್ಬಿಸಬಾರದು, ಕೈ ಭಾರವಾಗುತ್ತದೆ. ಒಂದು ಗುಂಡಿ ಹೊಲಿಯಲೂ ಕೂರಿಸಬಾರದು, ಅದು ಕೂಲಿಗಳ ಕೆಲಸ.

ಇನ್ನು ಅಕ್ಕ? ಅವಳು ಬೇಗ ಎದ್ದಳು, ಹಲ್ಲು ಕಚ್ಚಿ ಎದ್ದಳು. ಅಂಗಡಿ ತೆರೆಯುವ ಮೊದಲು ಒಂದು ಗಂಟೆ ಹಳೆಯ ಪೇಪರಿನಲ್ಲಿ ಕೋಟು ಕತ್ತರಿಸುವುದು, ಗೆರೆ ತಪ್ಪಿದರೆ ಹರಿದು ಮತ್ತೆ ಕತ್ತರಿಸುವುದು. ಮೊದಲ ವರ್ಷ ಒಂದು ಕಾಲರೂ ನೆಟ್ಟಗೆ ಬರಲಿಲ್ಲ. ಮೂರನೇ ವರ್ಷ ಹೆಬ್ಬೆರಳಿನ ಬುಡ ಜಡ್ಡುಗಟ್ಟಿತು. ಮದುವೆಯಾದ ಮಾರನೆಯ ವಾರವೂ ಬಂದಳು, ಮಗಳು ಹುಟ್ಟಿದ ಎರಡನೇ ತಿಂಗಳೂ ಬಂದಳು. "ನಾನೂ ಇಪ್ಪತ್ತು ವರ್ಷ ಬಸ್ಸು ಓಡಿಸ್ದೆ, ಹುಟ್ತಾ ಸ್ಟೇರಿಂಗ್ ಹಿಡ್ಕೊಂಡು ಬಂದಿದ್ದೆ ಅಂತ ಒಬ್ಬನೂ ಹೇಳ್ಲಿಲ್ಲ" ಎಂದು ಗಂಡ ನಗುತ್ತಿದ್ದ. ಅವಳಿಗೆ ನಗು ಬರುತ್ತಿರಲಿಲ್ಲ. ತಮ್ಮ ಕತ್ತರಿಸಿದ ಪ್ರತಿಯೊಂದು ಕೋಟೂ ಹಿಂದಿನ ಕೋಣೆಗೆ ಬರುತ್ತಿತ್ತು, ಅಲ್ಲಿ ಅವಳು ಭುಜ ತಿದ್ದುತ್ತಿದ್ದಳು, ಕಂಕುಳು ಎತ್ತುತ್ತಿದ್ದಳು, ಕಾಲರಿನ ಸೊಟ್ಟ ತೆಗೆಯುತ್ತಿದ್ದಳು. ಕೋಟು ಮುಂದಿನ ಕೋಣೆಗೆ ಹೋಗುತ್ತಿತ್ತು. ಗಿರಾಕಿ ಕನ್ನಡಿ ನೋಡಿ "ಏನು ಕೈ ರೀ ನಿಮ್ಮ ಮಗಂದು!" ಎನ್ನುತ್ತಿದ್ದ. ಅಪ್ಪ ಮೀಸೆ ತಿರುವುತ್ತಿದ್ದರು.

ಸುಳ್ಳೇಕೆ ಹೇಳಬೇಕು, ಹುಡುಗನಲ್ಲಿ ಏನೋ ಇತ್ತು. ಮೆಟ್ಟಿಲು ಹತ್ತುವ ಗಿರಾಕಿಯ ಹೆಜ್ಜೆ ಸದ್ದು ಕೇಳಿಯೇ "ಇವರದ್ದು ಬಲಭುಜ ತಗ್ಗು" ಎನ್ನುತ್ತಿದ್ದ, ಟೇಪು ಹಿಡಿದು ನೋಡಿದರೆ ನಿಜವಾಗಿರುತ್ತಿತ್ತು. ಅಕ್ಕನಿಗೆ ಅದು ಬರಲು ಹದಿನೈದು ವರ್ಷ ಹಿಡಿಯಿತು. ಆದರೆ ತಗ್ಗು ಭುಜ ಕಂಡರೆ ಸಾಕೇ? ಅದಕ್ಕೆ ತಕ್ಕ ಹಾಗೆ ಬಟ್ಟೆ ಬಗ್ಗಿಸುವವರು ಯಾರು? ಅದನ್ನು ಅವನಿಗೆ ಯಾರೂ ಕಲಿಸಲಿಲ್ಲ. ಕಲಿಸುವುದೆಂದರೆ ಅವನಿಗೆ ಅವಮಾನವಲ್ಲವೇ!

ಇನ್ನೊಂದು ವಿಷಯ ಅಕ್ಕ ಯಾರಿಗೂ ಹೇಳಿರಲಿಲ್ಲ. ಆ ವೇಸ್ಟ್‌ಕೋಟಿನ ಕಂಕುಳು ಬಿಗಿಯಾಗಿತ್ತು, ಕುತ್ತಿಗೆ ಒಂದು ಕಡೆಗೆ ವಾಲಿತ್ತು. ಅಪ್ಪನ ಒಳ್ಳೆಯ ಬಟ್ಟೆ ಹಾಳು ಮಾಡಿದೆನೆಂದು ಹುಡುಗ ಹೆದರಿ ಅಳಲು ಶುರುಮಾಡಿದ್ದ. ಅವನಿಗೆ ಏಟು ಬೀಳುತ್ತದಲ್ಲ ಎಂದು ಅವಳೇ ಸೀಮೆಸುಣ್ಣ ತೆಗೆದುಕೊಂಡು, ಗೆರೆ ಎಳೆದು, ಕತ್ತರಿಸಿ ಸರಿಮಾಡಿದ್ದಳು. ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷಕ್ಕೆ ಅವಳು ತನ್ನ ಮೂವತ್ತು ವರ್ಷ ಕೊಟ್ಟಿದ್ದಳು. ನೆನಪಾದಾಗಲೆಲ್ಲ ತಮ್ಮನ ಮೇಲಿನ ಸಿಟ್ಟು ಅರ್ಧದಾರಿಯಲ್ಲಿ ತಿರುಗಿ ಅವಳ ಮೇಲೇ ಬೀಳುತ್ತಿತ್ತು.

ಬುಧವಾರ ಹನ್ನೊಂದಕ್ಕೆ ಚಿಕ್ಕ ಮಾಸ್ಟರ್ ಬಂದ. ಅಷ್ಟರಲ್ಲಿ ಇಸ್ತ್ರಿ ಮಾವ ಬಂದು ತೋಳುಗಳನ್ನು ನೋಡಿಯಾಗಿತ್ತು. ಅಪ್ಪನ ವಾರಗೆಯವನಾದ ಮಾವ ಆ ಅಂಗಡಿಯಲ್ಲಿ ಇಸ್ತ್ರಿಪೆಟ್ಟಿಗೆ ಹಿಡಿದು ನಲವತ್ತು ವರ್ಷ. ಬಾಯಿಗೆ ಬೀಗವಿಲ್ಲದ ಮನುಷ್ಯ.

"ತಪ್ಪು ಪಿಟೀಲಮ್ಮಂದೇ ಕಣಪ್ಪ" ಎಂದ ಮಾವ. "ಎರಡೂ ಎಡಗೈ ಇಟ್ಕೊಂಡು ಹುಟ್ಟಬಾರದಿತ್ತಾ ಅವರು?"

ತಮ್ಮ ಓಡಿ ಬಂದ. ತೋಳುಗಳನ್ನು ಮಗುಚಿ ನೋಡಿದ, ಅಕ್ಕ ಮಾಡಿದ ಹಾಗೆಯೇ. "ಅಕ್ಕ, ಏನಾದ್ರೂ ಮಾಡೇ."

"ಏನು ಮಾಡ್ಲಿ? ಬಲಗೈ ಬಿತ್ತಿ ಬೆಳೀಲಾ?"

"ನಿನ್ನೆ ಕಣ್ಣು ಸರಿ ಇರ್ಲಿಲ್ಲ..."

"ಕಣ್ಣಂತೆ ಕಣ್ಣು! ನಾಲ್ಕು ಸೂಜಿ ಚುಚ್ಚಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಮೂವತ್ತೊಂಬತ್ತು ವರ್ಷ ನಿನಗೆ. ಯಾವತ್ತಾದ್ರೂ ಒಂದು ದಿನ, ಒಂದೇ ಒಂದು ದಿನ, ತಪ್ಪಿದ್ದನ್ನ ಕೂತು ಮತ್ತೆ ಮಾಡಿದೀಯಾ?"

ಅಷ್ಟರಲ್ಲಿ ಮೆಟ್ಟಿಲ ಮೇಲೆ ಅಪ್ಪನ ಕೋಲಿನ ಸದ್ದಾಯಿತು. ಅಪ್ಪ ಬಂದರು, ಮೇಜು ನೋಡಿದರು. ಆಮೇಲೆ ತಿರುಗಿದ್ದು ಮಗನ ಕಡೆಗಲ್ಲ.

"ಇವನು ಕತ್ತರಿಸೋವಾಗ ನೀನು ಹಿಂದಿನ ರೂಮಿಂದ ಮಾತಾಡ್ತಾ ಇದ್ಯಾ?"

ಅಕ್ಕನಿಗೆ ಮೊದಲು ಅರ್ಥವೇ ಆಗಲಿಲ್ಲ. "ನಾನಾ?"

"ಅವನ ಗಮನ ಕೆಡಿಸಿದ್ರೆ ಇನ್ನೇನಾಗುತ್ತೆ? ಇಂಥಾ ಕೈ ಇರೋರಿಗೆ ಮನಸ್ಸು ಒಂಚೂರು ಆಚೀಚೆ ಆಗಬಾರದು. ಸರಿ, ಆಗಿದ್ದಾಯ್ತು. ಏನೋ ಸೇರಿಸಿ ಸರಿಮಾಡು. ನಿನಗೆ ಅಭ್ಯಾಸ ಇದೆಯಲ್ಲ."

ನಿನಗೆ ಅಭ್ಯಾಸ ಇದೆಯಲ್ಲ! ಅಭ್ಯಾಸವೆಂದರೆ ಏನೋ ತುರಿಕೆ ಎನ್ನುವ ಹಾಗೆ, ನಾಚಿಕೆ ಪಡಬೇಕಾದ್ದು ಎನ್ನುವ ಹಾಗೆ ಹೇಳಿದರು. ಅಕ್ಕನ ಮೈ ಉರಿದುಹೋಯಿತು. ಕೈಯಲ್ಲಿ ಕತ್ತರಿ ಇತ್ತು, ಮೇಜಿನ ಮೇಲಿಟ್ಟಳು. ಇಡದಿದ್ದರೆ ಏನು ಮಾಡುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ.

"ಸರಿಮಾಡ್ತೀನಿ" ಎಂದಳು. "ಅರ್ಜೀಲಿ ನನ್ನ ಹೆಸರು ಬರೀರಿ."

ಮಾವನ ಇಸ್ತ್ರಿಪೆಟ್ಟಿಗೆ ನಿಂತಿತು. ಅಪ್ಪ ಕನ್ನಡಕ ತೆಗೆದು ಒರೆಸಿದರು, ಮಗುವಿಗೆ ಬುದ್ಧಿ ಹೇಳುವವರಂತೆ ದನಿ ತಗ್ಗಿಸಿದರು. "ನೋಡಮ್ಮ, ನೀನು ಚೆನ್ನಾಗಿ ಹೊಲೀತೀಯ. ಇಲ್ಲ ಅಂದೋರು ಯಾರು? ಆದ್ರೆ ಕತ್ತರಿ ಬೇರೆ. ಉಜ್ಜಿ ಉಜ್ಜಿ ಪಾತ್ರೆ ಹೊಳಪಾಗಬಹುದು, ಚಿನ್ನ ಆಗುತ್ತಾ? ಇದು ಹುಟ್ಟಿನಿಂದ ಬರೋದು. ನಿನ್ನ ತಪ್ಪಲ್ಲ ಬಿಡು."

"ಎರಡು ಎಡಗೈನೂ ಹುಟ್ಟಿನಿಂದಾನೇ ಬಂತಾ?"

"ಬಾಯಿ ಜಾಸ್ತಿ ಆಯ್ತು ನಿನಗೆ."

ಅವಳು ಹಿಂದಿನ ಕೋಣೆಗೆ ಹೋಗಲಿಲ್ಲ. ಮೇಜಿನ ಹತ್ತಿರವೇ ನಿಂತಳು. "ಇದನ್ನ ಇಲ್ಲೇ ಮಾಡ್ತೀನಿ. ಕಪ್ಪು ಬಟ್ಟೆ, ಬಲ್ಬಲ್ಲಿ ಕಾಣಲ್ಲ" ಎಂದಳು. ಅದು ನಿಜವೇ ಆಗಿದ್ದರಿಂದ ಯಾರೂ ಬೇಡ ಎನ್ನಲಾಗಲಿಲ್ಲ.

ಎರಡು ದಿನ ಅವಳು ಆ ಮೇಜು ಬಿಡಲಿಲ್ಲ. ಕತ್ತರಿಸದೆ ಉಳಿದಿದ್ದದ್ದು ಒಂದೇ ತುಂಡು, ಎದೆಯ ಬಲಭಾಗದ ಅಂಚಿಗೆ ಒಳಗಡೆಯಿಂದ ಕೂರಿಸುವ ಒಳಪಟ್ಟಿಗೆಂದು ಎತ್ತಿಟ್ಟದ್ದು. ತೋಳಿಗೆ ಅದು ಎರಡು ಬೆರಳು ಕಿರಿದು. ಅವಳು ತೋಳಿನ ಮೇಲ್ಭಾಗವನ್ನು ಅದರಲ್ಲೇ ಕತ್ತರಿಸಿದಳು, ಹೊಲಿಗೆಯನ್ನು ಕೈಯ ಕೆಳಗಡೆಗೆ ಸರಿಸಿದಳು, ಕಡಿಮೆ ಬಿದ್ದ ಎರಡು ಬೆರಳನ್ನು ತಪ್ಪು ತೋಳಿನ ಚೂರಿನಿಂದ ಕೆಳಭಾಗದಲ್ಲಿ ತುಂಬಿದಳು. ಕಂಕುಳಿನ ಮಡಿಕೆಯೊಳಗೆ ಒಂದು ಸಣ್ಣ ತೇಪೆ. ತಪ್ಪಾಗಿ ಕತ್ತರಿಸಿದ ತೋಳಿನಿಂದಲೇ ಒಳಪಟ್ಟಿ ತೆಗೆದು, ಜೋಡಣೆ ಕೊನೆಯ ಗುಂಡಿಗಿಂತ ಕೆಳಗೆ ಬರುವಂತೆ ನೋಡಿಕೊಂಡಳು. ಪ್ರತಿ ತುಂಡಿನ ಮೇಲೂ ಅಂಗೈ ಆಡಿಸಿ ನವಿರು ಯಾವ ಕಡೆಗೆ ಮಲಗುತ್ತದೆ ಎಂದು ನೋಡಿದಳು; ಒಂದು ತುಂಡು ಎದುರುಮುಖವಾದರೂ ದೀಪದ ಕೆಳಗೆ ಬೇರೆ ಬಣ್ಣ ಕಾಣುತ್ತದೆ. ಪಿಟೀಲು ನುಡಿಸುವ ಕೈ ಸುಮ್ಮನಿರುವ ಕೈಯಲ್ಲ, ಅದಕ್ಕೇ ಕಂಕುಳನ್ನು ಆದಷ್ಟು ಮೇಲಕ್ಕೆ ಎತ್ತಿದಳು. ಕಂಕುಳು ಸಡಿಲವಾದಷ್ಟೂ ಕೈ ಎತ್ತಿದಾಗ ಇಡೀ ಕೋಟು ಮೇಲೇಳುತ್ತದೆ ಎಂಬುದು ಅವಳು ಪೇಪರು ಹರಿದು ಹರಿದು ಕಲಿತ ಪಾಠ.

ತಮ್ಮ ಎರಡು ದಿನವೂ ಎದುರಿಗಿನ ಕುರ್ಚಿಯಲ್ಲಿ ಕೂತಿದ್ದ. ಅವನಿಗೆ ಕೆಲಸವಿರಲಿಲ್ಲ, ಮೇಜು ಇವಳ ಹತ್ತಿರವಿತ್ತು. ಶುಕ್ರವಾರ ಸಂಜೆ ಒಮ್ಮೆ "ಅದ್ಯಾಕೆ ಅಲ್ಲಿ ಒಳಕ್ಕೆ ತಗೊಂಡೆ?" ಎಂದು ಕೇಳಿದ. ಅವಳು ತುಂಡನ್ನು ತನ್ನ ಕಡೆಗೆ ಎಳೆದುಕೊಂಡಳು. ಹೇಳಿಕೊಡುವ ಮನಸ್ಸಿರಲಿಲ್ಲ.

ಶನಿವಾರ ಎರಡಕ್ಕೆ ಸರಿಯಾಗಿ ಪಿಟೀಲಮ್ಮ ಬಂದರು, ಕೈಯಲ್ಲಿ ಪಿಟೀಲಿನ ಪೆಟ್ಟಿಗೆಯನ್ನೂ ಹಿಡಿದುಕೊಂಡು. ಯಾರಿಗೂ ನಮಸ್ಕಾರವಿಲ್ಲ, ಮಾತಿಲ್ಲ. ಕೋಟು ತೊಟ್ಟರು. ಬಲತೋಳು ಇನ್ನೂ ಕಚ್ಚಾ ಹೊಲಿಗೆಯಲ್ಲೇ ಇತ್ತು. ಪೆಟ್ಟಿಗೆ ತೆರೆದು ಪಿಟೀಲನ್ನು ಗಲ್ಲಕ್ಕೆ ಕೊಟ್ಟು, ಕಮಾನನ್ನು ಆಚೆ ತುದಿಯಿಂದ ಈಚೆ ತುದಿಯವರೆಗೆ ಎಳೆದರು. ಮತ್ತೆ ಎಳೆದರು. ಅವರ ಕಣ್ಣು ಕನ್ನಡಿಯಲ್ಲಿ ಭುಜದ ಮೇಲಿತ್ತು. ಭುಜ ಅಲ್ಲಾಡಲಿಲ್ಲ. ಕಾಲರು ಕುತ್ತಿಗೆ ಬಿಟ್ಟು ಏಳಲಿಲ್ಲ. ಕೈ ಮಾತ್ರ ಹೋಗುತ್ತಿತ್ತು, ಬರುತ್ತಿತ್ತು.

ಪಿಟೀಲಮ್ಮ ಕಮಾನು ಇಳಿಸಿದರು. "ನಲವತ್ತೈದು ವರ್ಷ ನುಡಿಸ್ತಾ ಇದ್ದೀನಿ" ಎಂದರು. "ಯಾವ ಕೋಟೂ ನನ್ನ ಕೈಗೆ ಅಡ್ಡ ಬರದೇ ಇದ್ದಿದ್ದಿಲ್ಲ. ಯಾರ್ರೀ ಇದನ್ನ ಮಾಡಿದ್ದು?"

ಅಪ್ಪ ಕೋಲೂರಿ ಎದ್ದರು. "ನನ್ನ ಮಗ. ಚಿಕ್ಕೋನಿದ್ದಾಗಿಂದ..."

"ಅಕ್ಕ" ಎಂದ ತಮ್ಮ. ಎದುರಿನ ಕುರ್ಚಿಯಿಂದ ಏಳಲೂ ಇಲ್ಲ. "ನಾನಲ್ಲ. ಅಕ್ಕ ಮಾಡಿದ್ದು."

ಪಿಟೀಲಮ್ಮ ತಿರುಗಿ ಅಕ್ಕನನ್ನು ನೋಡಿದರು, ಅವಳ ಕೈಗಳನ್ನು ನೋಡಿದರು. "ನೀನಾ? ಅದೇ ಮತ್ತೆ! ಇಂಥದ್ದು ಕಲಿಸಿದ್ರೆ ಬರಲ್ಲಮ್ಮ. ದೇವರು ಕೊಟ್ಟ ಕೈ ನಿಂದು."

ಅಪ್ಪನೂ ಆ ಕೂಡಲೇ ಸೇರಿಸಿದರು, "ರಕ್ತದಲ್ಲೇ ಬಂದಿದ್ದು ನೋಡಿ, ನಮ್ಮ ಮನೆತನದಲ್ಲಿ."

ಮೂವತ್ತು ವರ್ಷ ಈ ಮಾತಿಗಾಗಿ ಕಾದಿದ್ದಳು. ಬೇರೆಯವರಿಗೆ ಹೇಳುವುದನ್ನು ಗೋಡೆಯ ಹಿಂದಿನಿಂದ ಕೇಳಿ ಕೇಳಿ, ಒಂದು ಸಲ ತನಗೆ ಹೇಳಿದರೆ ಹೇಗಿರುತ್ತದೆ ಎಂದುಕೊಂಡವಳು. ಈಗ ಹೇಳಿದರು. ಕೆನ್ನೆಗೆ ಹೊಡೆದ ಹಾಗಾಯಿತು.

"ದೇವರು ಕೊಡ್ಲಿಲ್ಲ" ಎಂದಳು ಅಕ್ಕ. ದನಿ ಅವಳು ಎಣಿಸಿದ್ದಕ್ಕಿಂತ ಜೋರಾಗಿ ಬಂತು. "ಯಾರೂ ಕೊಡ್ಲಿಲ್ಲ. ದಿನಾ ಬೆಳಿಗ್ಗೆ ಬಂದು ಕತ್ತರಿಸಿದ್ದೀನಿ. ಮೂವತ್ತು ವರ್ಷ. ಜ್ವರ ಬಂದಾಗಲೂ ಬಂದಿದ್ದೀನಿ. ನನ್ನ ಮಗಳು ಇಲ್ಲೇ ಈ ಮೇಜಿನ ಕೆಳಗೆ ಮಲಗಿ ಬೆಳೆದಳು. ನೀವು ನಲವತ್ತೈದು ವರ್ಷ ಅಂದ್ರಲ್ಲ, ಅಷ್ಟೂ ವರ್ಷ ನೀವು ಸುಮ್ನೆ ಕೂತಿದ್ರಾ? ದೇವರು ಬಂದು ನುಡಿಸಿ ಹೋಗ್ತಿದ್ನಾ?"

ಇಸ್ತ್ರಿ ಮಾವ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. ಈ ಕೋಟು ಇವತ್ತೇ ಮುಖಕ್ಕೆ ಬಂದು ಬೀಳುತ್ತದೆ ಎಂದುಕೊಂಡನೋ ಏನೋ. ಪಿಟೀಲಮ್ಮ ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದರು.

"ಇಲ್ಲ" ಎಂದರು. "ನನಗೂ ಯಾರಾದ್ರೂ ಹಾಗಂದ್ರೆ ಕಪಾಳಕ್ಕೆ ಹೊಡೆಯೋಣ ಅನ್ಸುತ್ತೆ. ಅಂದಿದ್ದು ತಪ್ಪು." ಕೋಟು ಕಳಚಿ ಅಪ್ಪನ ಕೈಗಲ್ಲ, ಅವಳ ಕೈಗೆ ಕೊಟ್ಟರು. "ಸೋಮವಾರ ಬೆಳಿಗ್ಗೆ ಹತ್ತಕ್ಕೆ ಬರ್ತೀನಿ." ಪೆಟ್ಟಿಗೆ ಎತ್ತಿಕೊಂಡು ಮೆಟ್ಟಿಲಿಳಿದರು.

ಅಪ್ಪ ಹೋಗಿ ಮೇಜಿನ ಮುಂದಿನ ತಮ್ಮದೇ ಹಳೆಯ ಸ್ಟೂಲಿನಲ್ಲಿ ಕೂತರು. ಮುಖ ಕೆಂಪಾಗಿತ್ತು. "ಗಿರಾಕಿ ಮುಂದೆ ಮರ್ಯಾದೆ ತೆಗೆದೆ. ಏನು, ನಾನು ಕುರುಡ ಅಂದ್ಕೊಂಡ್ಯಾ? ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ?"

"ಏನು ಗೊತ್ತು ನಿಮಗೆ?"

"ಆ ವೇಸ್ಟ್‌ಕೋಟು" ಎಂದರು ಅಪ್ಪ. "ಕುತ್ತಿಗೆ ತಿದ್ದಿದ್ದು ನೀನು. ನೀನು ಗೆರೆ ಮುಗಿಸೋವಾಗ ತುದೀಲಿ ಸಣ್ಣಗೆ ಕೊಕ್ಕೆ ಹಾಕ್ತಿದ್ದೆ, ಬಟ್ಟೆ ಹಿಂದುಗಡೆ ಇನ್ನೂ ಇತ್ತು ಆ ಗುರುತು. ನೋಡಿದ ತಕ್ಷಣ ಗೊತ್ತಾಯ್ತು. ಅವನು ಮಾಡಿದ್ದು ಮಕ್ಕಳಾಟ. ಹನ್ನೆರಡು ವರ್ಷದ ಹುಡುಗಿ, ಯಾರೂ ಹೇಳಿಕೊಡದೆ ಅದನ್ನ ಸರಿ ಮಾಡಿದ್ಯಲ್ಲ, ಕೈ ಇದ್ದಿದ್ದು ಅಲ್ಲಿ."

ಅಕ್ಕ ಕೋಟನ್ನು ಎದೆಗೊತ್ತಿಕೊಂಡು ನಿಂತೇ ಇದ್ದಳು. "ಗೊತ್ತಿದ್ದೂ?" ಎಂದಳು.

"ಗಂಡು ಹುಡುಗ, ಹುರಿದುಂಬಿಸಿದ್ರೆ ಮುಂದೆ ಬರ್ತಾನೆ ಅಂದ್ಕೊಂಡೆ. ಬರ್ಲಿಲ್ಲ. ಹೊಗಳಿ ಹೊಗಳಿ ಕೆಡಿಸ್ದೆ. ಆದ್ರೆ ನೀನು? ನ್ಯಾಯವಾಗಿ ಹೇಳು. ಅವತ್ತು ನಿನ್ನನ್ನ ಹೊಗಳಿದ್ರೆ ನೀನೂ ಇವನ ಹಾಗೇ ಆಗ್ತಿದ್ದೆ. ಹೇಳ್ಲಿಲ್ಲ, ಅದಕ್ಕೇ ಛಲ ಹಿಡಿದೆ, ಅದಕ್ಕೇ ಈ ಕೋಟು. ನನಗೆ ಕೈ ಮುಗೀಬೇಕು ನೀನು."

ನೋಡಿ ಹೇಗಿದೆ! ಅವಳ ಬಳಿ ಅವಳದ್ದು ಅಂತ ಇದ್ದದ್ದು ಒಂದೇ, ಆ ಮೂವತ್ತು ವರ್ಷದ ಬೆಳಗುಗಳು. ಅವನ್ನೂ ಈ ಮನುಷ್ಯ ತನ್ನ ಜೇಬಿಗೆ ಹಾಕಿಕೊಂಡರು. ಅಳು ಬಂತು, ಅಳಲಿಲ್ಲ. ಸಿಟ್ಟು ಅಳುವಿಗೆ ಜಾಗವನ್ನೇ ಬಿಡಲಿಲ್ಲ.

"ನಾನು ಕೆಡ್ತಿದ್ನೋ ಬಿಡ್ತಿದ್ನೋ, ನೋಡೋದು ನನಗೆ ಬಿಟ್ಟಿದ್ದು" ಎಂದಳು. "ನಿಮಗಲ್ಲ. ಈಗಂತೂ ಗೊತ್ತು ಅಂತ ಒಪ್ಕೊಂಡ್ರಲ್ಲ. ಅರ್ಜಿ ತೆಗೀರಿ."

ಅಪ್ಪ ಡ್ರಾಯರಿನ ಮೇಲೆ ಕೈ ಇಟ್ಟರು, ತೆರೆಯಲಿಲ್ಲ. "ಈಗ ಬೇಡ. ಅವನ ಗತಿ ಏನು? ಬೀದಿಲಿ ತಲೆ ಎತ್ತಿ ಓಡಾಡಬೇಕಲ್ಲ ಅವನು. ಹೆಸರು ಅವನದ್ದಿರಲಿ, ಕೆಲಸ ಹೇಗೂ ನಿಂದೇ ತಾನೆ. ಅರ್ಥ ಮಾಡ್ಕೊ."

"ಅರ್ಥ ಆಯ್ತು." ಅಕ್ಕ ಕೋಟನ್ನು ಅಪ್ಪನ ಮುಂದೆ ಮೇಜಿನ ಮೇಲೆ ಹಾಸಿದಳು. ಕಚ್ಚಾ ಹೊಲಿಗೆಯ ತುದಿ ಹಿಡಿದು ಒಂದೇ ಎಳೆತಕ್ಕೆ ದಾರ ಕಿತ್ತಳು. ಬಲತೋಳು ಕೋಟಿನಿಂದ ಬೇರ್ಪಟ್ಟು ಬಿತ್ತು. "ನಿಮ್ಮ ಮಾಸ್ಟರ್ ಕೈಲೇ ಕೂರಿಸಿ."

"ಅವನಿಗೇನು, ಕೂರಿಸ್ತಾನೆ" ಎಂದರು ಅಪ್ಪ, ಮಗನ ಕಡೆ ತಿರುಗಿ. "ಬಾರೋ. ಸೂಜಿ ತಗೊ."

ತಮ್ಮ ಎದ್ದು ಬಂದ. ತೋಳನ್ನು ಎತ್ತಿಕೊಂಡ, ಕೋಟಿನ ಕಂಕುಳಿಗೆ ಹಿಡಿದ, ತಿರುಗಿಸಿ ಹಿಡಿದ. ತೋಳಿನ ಸುತ್ತು ದೊಡ್ಡದು, ಕಂಕುಳಿನ ಸುತ್ತು ಸಣ್ಣದು. ಆ ಹೆಚ್ಚಿನ ಬಟ್ಟೆಯನ್ನು ಒಂದು ಸುಕ್ಕೂ ಕಾಣದಂತೆ ಸುತ್ತಲೂ ಹಂಚಿ ಒಳಗೆ ಸೇರಿಸಬೇಕು. ಅವನ ಬೆರಳು ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುತ್ತಿತ್ತು. ಗೋಡೆಯ ಗಡಿಯಾರ ಮೂರೂಕಾಲು ತೋರಿಸುತ್ತಿತ್ತು.

"ನನಗೆ ಬರಲ್ಲ ಅಪ್ಪಾ."

"ಬರುತ್ತೋ. ನಿನಗೆ ಬರದೇ ಇರುತ್ತಾ? ಹುಟ್ತಾನೇ..."

"ಬರಲ್ಲ!" ಮೂವತ್ತೊಂಬತ್ತು ವರ್ಷದ ಗಂಡಸಿನ ದನಿ ಮಕ್ಕಳ ದನಿಯಂತೆ ಒಡೆಯಿತು. "ಯಾವತ್ತೂ ಬಂದಿಲ್ಲ. ಯಾರಾದ್ರೂ ಬಂದು ಇದನ್ನ ಹೇಗೆ ಮಾಡಿದೆ ಅಂತ ಕೇಳಿದ್ರೆ ಏನು ಹೇಳಲಿ ಅಂತ ದಿನಾ ಹೆದರ್ಕೊಂಡು ಮೆಟ್ಟಿಲು ಹತ್ತಿದ್ದೀನಿ. ನನಗೆ ಒಂದು ಗುಂಡಿ ಹೊಲಿಯೋಕೆ ಬರಲ್ಲ. ಕಲಿಸಿ ಅಂದ್ರೆ ನೀವು ಕಲಿಸ್ಲಿಲ್ಲ. ಅವಳ ಹೆಸರು ಬರೀರಿ, ಇಲ್ಲಾಂದ್ರೆ ನಾಳೆಯಿಂದ ನಾನೂ ಬರಲ್ಲ."

ತಮ್ಮನ ಬಾಯಲ್ಲಿ ಬರಲ್ಲ ಎಂಬ ಮಾತು ಕೇಳಿದರೆ ಹಬ್ಬವಾಗುತ್ತದೆ ಎಂದು ಅಕ್ಕ ಎಷ್ಟು ವರ್ಷ ಅಂದುಕೊಂಡಿದ್ದಳೋ. ಹಬ್ಬವೆಲ್ಲಿಯದು? ಸಿಟ್ಟು ಇನ್ನಷ್ಟು ಏರಿತು, ಈ ಸಲ ಇಬ್ಬರ ಪರವಾಗಿ.

ಅಪ್ಪ ಮಗನನ್ನು ನೋಡಿದರು, ಮಗಳನ್ನು ನೋಡಿದರು. ಸಹಾಯಕ್ಕೆಂದು ಇಸ್ತ್ರಿ ಮಾವನನ್ನು ನೋಡಿದರು. ಮಾವ ಇಸ್ತ್ರಿಪೆಟ್ಟಿಗೆಯ ತಳವನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದ. ಡ್ರಾಯರು ತೆರೆಯಿತು. ಅಪ್ಪ ಅರ್ಜಿ ತೆಗೆದು, ನಡುಗುವ ಕೈಯಲ್ಲಿ ಅವಳ ಹೆಸರು ಬರೆದರು. ಅಕ್ಷರಗಳು ಗೆರೆ ಬಿಟ್ಟು ಮೇಲಕ್ಕೂ ಕೆಳಕ್ಕೂ ಹೋದವು. ಸಹಿ ಹಾಕಿದರು.

ಅಕ್ಕ ಓದಿ ನೋಡಿದಳು. ಕೈ ಮುಗಿಯಲಿಲ್ಲ, ಥ್ಯಾಂಕ್ಸ್ ಹೇಳಲಿಲ್ಲ. ಮಾವನ ಕೈಗೆ ಕೊಟ್ಟು "ಓಡು ಮಾವ, ಐದರೊಳಗೆ ಮುಟ್ಟಬೇಕು" ಎಂದಳು. ಮಾವ ಆ ವಯಸ್ಸಿನಲ್ಲೂ ಮೆಟ್ಟಿಲು ಎರಡೆರಡು ಹಾರಿದ.

ಅವಳು ಸೂಜಿಗೆ ದಾರ ಪೋಣಿಸಿದಳು. ತಮ್ಮನ ಕೈಯಿಂದ ತೋಳು ಕಸಿದುಕೊಂಡು ಕಂಕುಳಿಗೆ ಹಿಡಿದು, ಮತ್ತೆ ಅವನ ಕೈಗೇ ಕೊಟ್ಟಳು. "ಹಿಡಿ. ಅಲ್ಲಲ್ಲ, ಹೆಬ್ಬೆರಳು ಒಳಗೆ. ಇನ್ನೂ ಒಳಗೆ. ಅಳ್ತಾ ಹಿಡೀಬೇಡ, ಮಖಮಲ್ಲಿಗೆ ನೀರು ಬಿದ್ರೆ ಕಲೆ ಹೋಗಲ್ಲ." ಅವನು ಮೂಗೊರೆಸಿಕೊಂಡು ಹಿಡಿದ. ತಪ್ಪಾಗಿತ್ತು. ಅವಳು ಬಿಡಿಸಿದಳು, ಮತ್ತೆ ಹಿಡಿಸಿದಳು. ಬಟ್ಟೆಯ ಮೇಲೆ ಉದ್ದನೆಯ ನೆರಳು ಬಿದ್ದು ಹೊಲಿಗೆ ಕಾಣುತ್ತಿರಲಿಲ್ಲ. ಅವಳು ತಲೆಯೆತ್ತಿದಳು. ಕಿಟಕಿಗೆ ಬೆನ್ನು ಮಾಡಿ ಅಪ್ಪ ಇನ್ನೂ ಆ ಸ್ಟೂಲಿನಲ್ಲೇ ಕೂತಿದ್ದರು.

"ಅಪ್ಪಾ, ಬೆಳಕಿಗೆ ಅಡ್ಡ ಕೂತಿದ್ದೀರಿ" ಎಂದಳು. "ಎದ್ದು ಆಚೆ ಹೋಗಿ. ನಮಗೆ ಕೆಲಸ ಇದೆ."